ಕರಿಪೆಟ್ಟಿಗೆಯ ಊರಿಗೆ ಹೋಗಿ ಬಂದದ್ದು

ಈಸ್ಟರ್ ಹಬ್ಬಕ್ಕೆ ಮುಂಚಿನ ಕಳೆದ ತಪಸ್ಸುಕಾಲದ ಮೂರನೆಯ ವಾರ, ಬೆಳಗಿನ ಏಳೂವರೆಯ ಬಸ್ಸಿಗೆ ಕೊಳ್ಳೇಗಾಲ ಬಿಟ್ಟೆ. ಹನೂರಿಗೆ ಹದಿನೈದು ಮೈಲಿ, ಟಿಕೆಟ್ಟು ಒಂದು ರೂಪಾಯಿ ಹತ್ತು ಪೈಸೆ. ಚೀಲದಲ್ಲಿ ರೋಗಿಗಳಿಗೆ ಹಚ್ಚುವ ಪವಿತ್ರ ತೈಲ ಮತ್ತು ಪೂಜೆಯ ಪುಸ್ತಕ, ಜೇಬಿನಲ್ಲಿ ಒಂದು ಕಾಗದ. ಎಂ.ಎ. ಮುಗಿಸಿ ಗುರುಮಠ ಸೇರಿ, ಪಾದ್ರಿಯಾಗಿ ಗುರುಪಟ್ಟ ಪಡೆದು ಎರಡು ವರ್ಷವಾಗಿದ್ದ ನನಗೆ ಬಿಷಪ್ಪರ ಕಚೇರಿಯ ಮೇಲಿನವರು ವಹಿಸಿದ ಮೊದಲ ರಾಯಭಾರ ಅದು.

ರಾಮಾಪುರದಾಚೆ ಆರು ಮೈಲಿ, ಕಾಡಂಚಿನಲ್ಲಿ ನಮ್ಮ ಕ್ರೈಸ್ತರ ಊರೊಂದಿದೆ. ಅದರ ಹೆಸರನ್ನು ಬರೆಯದಿರುವುದು ಭಯದಿಂದಲ್ಲ. ಅಂಥ ಊರು ಅದೊಂದೇ ಎಂದು ಓದುಗರು ಸಮಾಧಾನ ಪಟ್ಟುಕೊಳ್ಳಬಾರದು. ಅಲ್ಲಿನ ಚರ್ಚಿನಲ್ಲಿ ಕಪ್ಪು ಬಣ್ಣ ಬಳಿದ ಮರದ ಪೆಟ್ಟಿಗೆಯಿದೆ. ಸತ್ತವರನ್ನು ಅದರಲ್ಲಿ ಹೊತ್ತು ಸಮಾಧಿಭೂಮಿಗೆ ಒಯ್ಯುತ್ತಾರೆ. ಬಟ್ಟೆ ಸುತ್ತಿದ ದೇಹವನ್ನು ಗುಂಡಿಗಿಳಿಸಿ, ಪೆಟ್ಟಿಗೆಯನ್ನು ಮುಂದಿನ ಸಾವಿಗಾಗಿ ಮರಳಿ ತಂದಿಡುತ್ತಾರೆ. ಆದರೆ ಅದು ಮೇಲುಬೀದಿಯವರಿಗೆ ಮಾತ್ರ. ಕೆಳಕೇರಿಯವರ ಹೆಣ ಬಿದಿರಿನ ಚಟ್ಟದಲ್ಲೇ ಹೋಗಬೇಕು.

ನಲವತ್ತು ವರ್ಷ ಎರಡೂ ಕಡೆಯ ಮಕ್ಕಳಿಗೆ ಜಪ ಕಲಿಸಿದ ಉಪದೇಶಿ ಚೌರಪ್ಪ ಕೆಳಕೇರಿಯವರು. ಹಾಸಿಗೆ ಹಿಡಿದ ಮೇಲೆ ಅವರು ಮೇಲಿನವರಿಗೆ ಒಂದು ಮನವಿ ಬರೆಸಿದ್ದರು: ತನ್ನನ್ನು ಆ ಪೆಟ್ಟಿಗೆಯಲ್ಲಿ ಹೊರಬೇಕು. ನನ್ನ ಜೇಬಿನಲ್ಲಿದ್ದದ್ದು ಅದರ ಉತ್ತರ. 'ಸ್ಥಳದ ಪದ್ಧತಿಗೆ ಧಕ್ಕೆ ಬಾರದಂತೆ ಪ್ರೀತಿಯಿಂದ ಇತ್ಯರ್ಥ ಮಾಡಿಕೊಳ್ಳತಕ್ಕದ್ದು.' ಹನ್ನೊಂದು ಸಾಲಿನ ಆ ಕಾಗದದಲ್ಲಿ ಪ್ರೀತಿ ನಾಲ್ಕು ಸಲ ಬಂದಿತ್ತು; ಚೌರಪ್ಪನವರ ಹೆಸರು ಒಮ್ಮೆಯೂ ಬಂದಿರಲಿಲ್ಲ.

ಹನೂರಿನಲ್ಲಿ ಇಡ್ಲಿ ತಿಂದು ರಾಮಾಪುರದ ಬಸ್ಸು ಹತ್ತಿದೆ. ಹುರುಳಿ ಮೂಟೆಯನ್ನು ಕಾಲ ಬಳಿ ಇಟ್ಟುಕೊಂಡಿದ್ದ ರೈತರೊಬ್ಬರು ನನ್ನ ಬಿಳಿಯ ನಿಲುವಂಗಿಯನ್ನೇ ನೋಡುತ್ತಿದ್ದರು.

"ನಿಮ್ಮಲ್ಲಿ ಜಾತಿ ಇಲ್ವಂತಲ್ಲಾ ಸಾ?"

"ಇಲ್ಲ" ಎಂದೆ.

"ಅಂಗಾದ್ರೆ ಆ ಊರ್ನೋರು ಎಣ ಒರಾಕೆ ಎರಡು ತರ ಯಾಕ್ ಮಾಡವ್ರೆ? ನಮ್ಮೋರು ಬುಡಿ, ನಾವು ಇದೆ ಅಂತ್ಲೇ ಒಪ್ಕಂಡಿದ್ದೀವಿ." ಪಕ್ಕದವರು ನಕ್ಕರು. ನಾನು ಕಿಟಕಿಯ ಕಡೆ ತಿರುಗಿದೆ.

ಉರಿಬಿಸಿಲಿನಲ್ಲಿ ನಡೆದು ಊರು ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಅಲ್ಲಿನ ಹಿರಿಯ ಗುರುಗಳು ಅನ್ನ, ತಿಳಿಸಾರು ಬಡಿಸಿ, ಕಾಗದ ಓದಿ ಮಡಚಿ ಕೊಟ್ಟರು. "ನೋಡಪ್ಪಾ, ಜನರಿಗೆ ಮುಖ ಮಾಡಿ ಪೂಜೆ ಮಾಡೋಣ ಅಂತ ಪೀಠ ತಿರುಗಿಸಿದ್ದಕ್ಕೇ ಮೇಲುಬೀದಿಯವರು ಆರು ತಿಂಗಳು ಮುನಿಸಿಕೊಂಡಿದ್ದರು. ನನಗೆ ಇನ್ನು ಜಗಳದ ವಯಸ್ಸಲ್ಲ."

ಚರ್ಚಿನ ಸುಧಾರಣೆಗೆಂದು ಸೇರಿದ್ದ ರೋಮಿನ ಮಹಾಸಭೆ ಮುಗಿದು ಹತ್ತು ವರ್ಷವಾಗುತ್ತ ಬಂತು. ಲತೀನು ಭಾಷೆಯ ಪೂಜೆ ಬಿಟ್ಟೆವು, ಪೀಠ ತಿರುಗಿಸಿದೆವು. ಆ ಪೀಠದ ಮುಂದೆ ಕೂರುವವರ ಸಾಲುಗಳನ್ನು ಮುಟ್ಟಲಿಲ್ಲ. ಉಳುವವನಿಗೆ ಭೂಮಿ ಕೊಡುವ ಕಾನೂನಿನ ಬಗ್ಗೆ ನಮ್ಮ ಪತ್ರಿಕೆಗಳು ಸರ್ಕಾರಕ್ಕೆ ಬುದ್ಧಿ ಹೇಳುತ್ತಿವೆ. ಕೆಳಕೇರಿಯವರಿಗೆ, ಕ್ರೈಸ್ತರಾದ ಕಾರಣ, ಸರ್ಕಾರದ ರಿಯಾಯಿತಿ ಇಲ್ಲ. ಕೆಳಕೇರಿಯವರಾದ ಕಾರಣ, ಚರ್ಚಿನ ಪೆಟ್ಟಿಗೆ ಇಲ್ಲ. ಇದರಲ್ಲಿ ಎರಡನೆಯದನ್ನು ಸರಿಪಡಿಸಲು ಯಾವ ವಿಧಾನಸಭೆಯ ಒಪ್ಪಿಗೆ ಬೇಕು?

ಚೌರಪ್ಪನವರ ಗುಡಿಸಲಿನಲ್ಲಿ ಮಗಳು ಮರಿಯಮ್ಮ ಅವರನ್ನು ಒರಗಿಸಿ ಕೂರಿಸಿದರು. ಉಸಿರು ಎಳೆಯುತ್ತಿತ್ತು, ಕಣ್ಣು ಮಾತ್ರ ಚುರುಕಾಗಿತ್ತು.

"ತೋತ್ರ ಸಾಮಿ. ಕಾಗ್ದ ಬಂತಾ? ಏನಂದವ್ರೆ?"

"ಒಪ್ಪಿದ್ದಾರೆ" ಎಂದೆ. ಗುರುವಾದ ಮೇಲೆ ನಾನು ಹೇಳಿದ ಮೊದಲ ದೊಡ್ಡ ಸುಳ್ಳು.

"ಮೇಲುಬೀದಿಯೋರು ಗಿಡ್ಡ ಕಣ್ ಸಾಮಿ. ಅವ್ರ ಪೆಟ್ಗೇಲಿ ನಾನು ಕಾಲು ಮಡಚ್ಕಬೇಕಾಯ್ತದೆ" ಎಂದು ಮುದುಕ ನಕ್ಕರು. ಮರಿಯಮ್ಮ ಗದರಿದರು: "ಸುಮ್ಕಿರಪ್ಪಾ, ಸಾಮಿ ಮುಂದೆ!" ನಾನು ಹಣೆಗೆ, ಅಂಗೈಗಳಿಗೆ ತೈಲ ಹಚ್ಚಿದೆ.

ಮರುದಿನ ಮುಂಜಾನೆ ಅವರು ತೀರಿಕೊಂಡರು. ಪೆಟ್ಟಿಗೆಯಿದ್ದ ಕೋಣೆಯ ಬೀಗದ ಕೈ ಮೇಲುಬೀದಿಯ ಯಜಮಾನ ಅಂತೋಣಿಯಪ್ಪನ ಬಳಿ ಇತ್ತು. ಮಡಚಿದ ಕಾಗದವನ್ನು ಬಿಚ್ಚದೆ, ಮುದ್ರೆ ಕಾಣುವಂತೆ ಮುಂದೆ ಹಿಡಿದು, "ಮೇಲಿನವರ ಅಪ್ಪಣೆ" ಎಂದೆ. ಇದು ಎರಡನೆಯ ಸುಳ್ಳು. ಆತ ಮುದ್ರೆಯನ್ನಷ್ಟೇ ನೋಡಿ ಬೀಗದ ಕೈ ಕೊಟ್ಟ. "ತಕಂಡೋಗಿ ಸಾಮಿ. ನನ್ಗೂ ಜಪ ಕಲ್ಸ್‌ದೋರು ಅವ್ರೇಯ. ನಮ್ದೇನು ತಕರಾರಿಲ್ಲ."

ಅಷ್ಟು ಸುಲಭವಾಗಿ ಸಿಕ್ಕಿದ್ದಕ್ಕೆ ನಾನು ಅನುಮಾನ ಪಡಬೇಕಿತ್ತು. ಬದಲಾಗಿ ಹೆಮ್ಮೆಪಟ್ಟೆ. ಕಾಲು ಮಡಚಬೇಕಾಗಲಿಲ್ಲ, ಕಾಯಿಲೆ ಅವರನ್ನು ಅಷ್ಟು ಕುಗ್ಗಿಸಿತ್ತು. ಕರಿಪೆಟ್ಟಿಗೆಯ ಹಿಂದೆ ಕೆಳಕೇರಿಯೆಲ್ಲ ನಡೆಯಿತು. ಮೇಲುಬೀದಿಯ ಬಾಗಿಲುಗಳು ಮುಚ್ಚಿದ್ದವು.

ಮಣ್ಣು ಮಾಡಿ, ಪೆಟ್ಟಿಗೆ ಹೊತ್ತು ಮರಳಿದರೆ ಚರ್ಚಿನ ಕೋಣೆಗೆ ಬೇರೊಂದು ಬೀಗ ಬಿದ್ದಿತ್ತು. ಮೆಟ್ಟಿಲ ಮೇಲೆ ಅಂತೋಣಿಯಪ್ಪ ಕುಳಿತಿದ್ದ.

"ಅದಿನ್ನ ನಿಮ್ದೇ ಕಣ್ರಪ್ಪಾ. ಕೇರೀಲೇ ಮಡಿಕಳಿ. ನಮ್ಗೆ ಬ್ಯಾರೆ ಮಾಡುಸ್ತಾ ಇವ್ನಿ."

ಚರ್ಚಿನ ಹಿಂದೆ ಬಡಗಿ ಆಗಲೇ ಹಲಗೆಗೆ ಕೀಸುಳಿ ಹಾಕುತ್ತಿದ್ದ. ಹಿರಿಯ ಗುರುಗಳು ನನ್ನ ತೋಳು ಹಿಡಿದು ಮೆಲ್ಲನೆ ಹೇಳಿದರು: "ಗಲಾಟೆಯಿಲ್ಲದೆ ಮುಗಿಯಿತಲ್ಲ, ದೇವರು ದೊಡ್ಡವನು. ನಾಳೆ ಹೊಸದನ್ನು ನೀನೇ ಆಶೀರ್ವದಿಸಿ ಹೋಗು." ನನ್ನಿಂದಾಗದು ಎಂದೆ. "ಹಾಗಾದರೆ ನಾನೇ ಮಾಡುತ್ತೇನೆ" ಎಂದರು, ಏನೂ ಬೇಸರವಿಲ್ಲದೆ.

ಪೆಟ್ಟಿಗೆ ಮರಿಯಮ್ಮನ ಅಂಗಳಕ್ಕೆ ಬಂತು. "ಇದ್ನ ಎಲ್ಲಿ ಮಡಗಾದು ಸಾಮಿ? ಒಳಗೆ ಮಕ್ಳು ಮಲಗಾಕೇ ಜಾಗಿಲ್ಲ."

"ಬನ್ನಿ, ಇಬ್ಬರೂ ಹೊತ್ತುಕೊಂಡು ಹೋಗಿ ಚರ್ಚಿನ ಬಾಗಿಲಿಗೇ ಅಡ್ಡ ಇಡೋಣ" ಎಂದೆ ಸಿಟ್ಟಿನಿಂದ.

ಆಕೆ ನನ್ನನ್ನು ದಿಟ್ಟಿಸಿದರು. "ಬ್ಯಾಡಿ. ನೀವು ಬಸ್ ಅತ್ತಿ ಓಯ್ತೀರಿ. ನಾನು ನಾಳಿಕೂ ಅವ್ರ ಒಲ್ದಲ್ಲೇ ಕೂಲಿ ಮಾಡ್ಬೇಕು."

ಇದಕ್ಕೆ ಯಾರು ಹೊಣೆ? ಅಂತೋಣಿಯಪ್ಪನ ಹೆಸರು ಹೇಳುವುದು ಸುಲಭ. ಹದಿನೆಂಟು ವರ್ಷ ಅಲ್ಲಿ ಪೂಜೆ ಮಾಡಿ, ಕಂಡೂ ಕಣ್ಣು ಮುಚ್ಚಿಕೊಂಡ ಹಿರಿಯ ಗುರುಗಳು ಹೊಣೆ. ಪದ್ಧತಿಗೆ ಧಕ್ಕೆ ಬಾರದಿರಲಿ ಎಂದು ರುಜು ಹಾಕಿದವರು ಹೊಣೆ. ಅವರು ನನಗಲ್ಲ, ಮರಿಯಮ್ಮನಿಗೆ ಹೆಸರು ಹಿಡಿದು ಉತ್ತರ ಬರೆಯಲಿ. ಆ ಕಾಗದವನ್ನು ಎಲ್ಲರ ಮುಂದೆ ಓದಿ, ಇದು ತಪ್ಪು ಎಂದು ಹೇಳುವ ಬದಲು ಜೇಬಿನಲ್ಲಿ ಅಡಗಿಸಿ ಗೆದ್ದೆನೆಂದುಕೊಂಡ ನಾನೂ ಹೊಣೆ.

ಮರುದಿನ ಬೆಳಿಗ್ಗೆ ಹೊರಟೆ. ದಿಣ್ಣೆ ಹತ್ತುವಾಗ ಮೋಡ ಕವಿದು ದಪ್ಪ ಹನಿಗಳು ಬಿದ್ದವು. ತಿರುಗಿ ನೋಡಿದೆ. ಮರಿಯಮ್ಮ ಒಬ್ಬರೇ ಪೆಟ್ಟಿಗೆಯನ್ನು ಸೂರಿನಡಿಗೆ ಎಳೆಯುತ್ತಿದ್ದರು. ಒಂದು ತುದಿ ಎಳೆದು, ಸುತ್ತಿ ಬಂದು ಇನ್ನೊಂದು ತುದಿ ತಳ್ಳಿ, ಮತ್ತೆ ಮೊದಲ ತುದಿಗೆ ಬರುತ್ತಿದ್ದರು. ರಾಮಾಪುರದ ಬಸ್ಸಿಗೆ ಇನ್ನೂ ನಾಲ್ಕು ಗಂಟೆ ಇತ್ತು. ನಾನು ಇಳಿದು ಹೋಗಲಿಲ್ಲ.