ಎಕಂಬಾದ ಹಳ್ಳಕ್ಕೆ ನಾನೊಬ್ಬನೇ ಹೋಗಿರಲಿಲ್ಲ

ನಿಮ್ಮ ಅಬ್ಬಾ ಇಸ್ಮಾಯಿಲ್ ಮಾಸ್ತರರು ಆ ಬೆಳಿಗ್ಗೆ ನನ್ನ ಜೊತೆಗಿದ್ದರು. ಇರಲಿಲ್ಲವೆಂದು ನಾನು ಹೇಳಿದ್ದು ಸುಳ್ಳು. ಆ ಸುಳ್ಳಿನಿಂದ ಅವರು ಜೈಲಿಗೆ ಹೋದರು. ನಾನು ಬೀದರಿನಲ್ಲಿ ಸಸ್ಯಶಾಸ್ತ್ರದ ಪಾಠ ಹೇಳುತ್ತ ಮರ್ಯಾದೆಯಿಂದ ಬದುಕಿದೆ. ರಜಿಯಾ ಅವರೇ, ನೀವು ನನ್ನ ಮಗಳ ವಯಸ್ಸಿನವರು. ಆದರೂ ನಿಮ್ಮನ್ನು ‘ನೀನು’ ಎನ್ನುವ ಸಲಿಗೆ ನನಗಿಲ್ಲ.

ನಿಜಾಮರ ಕಾಲ. ನಿಮ್ಮ ಅಬ್ಬಾ ಮತ್ತು ನಾನು ಭಾಲ್ಕಿಯ ಒಂದೇ ಸಾಲೆಯಲ್ಲಿ ಮಾಸ್ತರರು. ಅವರು ಔರಾದ ಕಡೆಯ ಎಕಂಬಾದವರು, ನಾನು ಹಲಬರ್ಗಾದವನು. ಪಾಠವೆಲ್ಲ ಉರ್ದುವಿನಲ್ಲಿ, ಆದರೂ ನಮ್ಮ ನೆಲದ ಗಿಡಗಳ ಬಗ್ಗೆ ಕನ್ನಡದಲ್ಲಿ ಬರೆಯಬೇಕೆಂಬ ಹುಚ್ಚು ಇಬ್ಬರಿಗೂ ಇತ್ತು. ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಚಳಿಗಾಲ, ಎಳ್ಳಮಾಸಿ ಹಬ್ಬ ಮುಗಿದಿತ್ತು. ಅವರೂರಿನ ಹಳ್ಳದ ಮರಳಿನಲ್ಲಿ ಹಳದಿ ಹೂವಿನ ಗಿಡವೊಂದು ಎದ್ದಿದೆಯೆಂದು ನನ್ನನ್ನು ಕರೆದೊಯ್ದರು.

ಸೊಂಟದೆತ್ತರದ ಗಿಡ ಅದು. ಬುಡದ ಎಲೆಗಳು ದೊಡ್ಡವು, ಮೂಲಂಗಿ ಎಲೆಯಂತೆ ಅಲ್ಲಲ್ಲಿ ಸೀಳಿದಂಥವು. ಮೇಲೇರಿದಂತೆ ಚಿಕ್ಕವಾಗುತ್ತ ಹೋಗುತ್ತವೆ. ಮೈತುಂಬ ನವಿರು ಕೂದಲು, ಮುಟ್ಟಿದರೆ ಬೆರಳಿಗೆ ತುಸು ಅಂಟು. ತುದಿಯಲ್ಲಿ ಉದ್ದನೆಯ ಗೊಂಚಲು, ಐದೈದು ಎಸಳಿನ ಹೂಗಳು, ಒಳಗೆ ನೇರಳೆ ಕೂದಲು ಹೊದ್ದ ಕೇಸರಗಳು. ‘ಇದಕ್ಕ ನಮ್ಮವ್ವ ಜಂಗ್ಲಿ ತಮಾಕು ಅಂತಾಳ್ರಿ,’ ಎಂದರು ನಿಮ್ಮ ಅಬ್ಬಾ. ಕೇಸರ ಐದು ಎಂದು ನಾನು ಬರೆಯಹೊರಟಾಗ ಕೈ ಹಿಡಿದರು. ‘ಗಡಬಡ ಮಾಡಬ್ಯಾಡ್ರಿ ಮಾಸ್ತರ. ಇನ್ನೊಂದು ಹೂ ನೋಡ್ರಿ.’ ಎಷ್ಟು ಹೂ ಬಿಡಿಸಿದರೂ ನಾಲ್ಕೇ. ಬಿಸಿಲೇರಿ ಹೂಗಳು ಉದುರುವ ತನಕ ಕೂತಿದ್ದೆವು — ಅವರು ಚಿತ್ರ ಬರೆಯುತ್ತ, ನಾನು ವರ್ಣನೆ ಬರೆಯುತ್ತ. ಆಮೇಲೆ ಅವರ ಮನೆಯಲ್ಲಿ ಜೋಳದ ರೊಟ್ಟಿ ಉಂಡೆ. ನಿಮ್ಮ ಅಜ್ಜಿ ಬಡಿಸಿದರು.

ಅದೇ ಬೆಳಿಗ್ಗೆ ದೂರದ ಭಾಲ್ಕಿ ಸೀಮೆಯಲ್ಲಿ, ನನ್ನ ಸೋದರಮಾವನ ಊರಿಗೆ ರಜಾಕಾರರು ನುಗ್ಗಿದ್ದರು. ಮಾವನ ಮನೆ ಸುಟ್ಟಿತು. ಅವರ ಹಿರಿಯ ಮಗ ಉಳಿಯಲಿಲ್ಲ.

ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂತು, ನಿಜಾಮರ ರಾಜ್ಯ ಮುಗಿಯಿತು. ರಜಾಕಾರರೆಂದು ಸೆರೆಯಾದವರಲ್ಲಿ ತಪ್ಪು ಮಾಡಿದವರಿದ್ದರು. ಬರೀ ಮುಸ್ಲಿಂ ಹೆಸರಿಗಾಗಿ ಸಿಕ್ಕಿಬಿದ್ದವರೂ ಇದ್ದರು. ಮಾವನ ಊರಿಗೆ ನುಗ್ಗಿದವರಲ್ಲಿ ಒಬ್ಬ ಸಾಲೆ ಮಾಸ್ತರನೂ ಇದ್ದನೆಂದು ಯಾರೋ ಹೇಳಿದರು. ನಿಮ್ಮ ಅಬ್ಬಾರನ್ನು ಹಿಡಿದರು. ಆ ಬೆಳಿಗ್ಗೆ ಜೊತೆಗಿದ್ದವನೆಂದು ಅವರು ನನ್ನ ಹೆಸರು ಹೇಳಿದರು — ನಾನಲ್ಲದೆ ಮತ್ತ್ಯಾರ ಹೆಸರು ಹೇಳಬೇಕಿತ್ತು? ತಾಯಿಯ ಸಾಕ್ಷಿ ನಡೆಯುವಂತಿರಲಿಲ್ಲ.

ಭಾಲ್ಕಿಯ ಕಚೇರಿಗೆ ನನ್ನನ್ನು ಕರೆಸಿದರು. ಮಾವ ಗೋಡೆಗೊರಗಿ ಕೂತಿದ್ದರು. ಅಧಿಕಾರಿ ಕೇಳಿದರು, ‘ಅವತ್ತು ಈ ಮಾಸ್ತರ ನಿಮ್ ಸಂಗಟ ಇದ್ರೇನು?’

‘ಇಲ್ರಿ. ಹಳ್ಳಕ್ಕ ನಾ ಒಬ್ಬನೇ ಹೋಗಿದ್ದೆ.’

ನಿಮ್ಮ ಅಬ್ಬಾ ಸಿಟ್ಟಾಗಲಿಲ್ಲ. ‘ಮಾಸ್ತರ, ನೆನಪು ಮಾಡ್ಕೋರಿ. ನಮ್ಮ ಮನ್ಯಾಗ ರೊಟ್ಟಿ ಉಂಡಿದ್ರಿ,’ ಎಂದರು.

‘ನನಗ ನೆನಪಿಲ್ರಿ,’ ಎಂದೆ.

ಅಂಜಿದ್ದೆ ಎನ್ನಬಹುದು. ಆದರೆ ನನ್ನನ್ನು ಯಾರೂ ಹೆದರಿಸಿರಲಿಲ್ಲ. ಮಾವ ನನ್ನ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಮಗನನ್ನು ಕಳಕೊಂಡವರ ಎದುರಿಗೆ ಆ ಹೆಸರಿನ ಮನುಷ್ಯನ ಪರವಾಗಿ ನಿಲ್ಲಲು ನನಗೆ ನಾಚಿಕೆಯಾಯಿತು — ಅಷ್ಟೇ. ಆ ನಾಚಿಕೆಗೆ ನಿಮ್ಮ ಅಬ್ಬಾರನ್ನು ಬಲಿಕೊಟ್ಟುಬಿಟ್ಟೆ.

ಮುಂದೆ ಆ ಗಿಡದ ವರ್ಣನೆ ಅಚ್ಚಾಯಿತು. ನಾಲ್ಕು ಕೇಸರದ ಮಾತಿಗೆ ಬಲ್ಲವರು ನನ್ನ ಬೆನ್ನು ತಟ್ಟಿದರು. ನಿಮ್ಮ ಅಬ್ಬಾ ಬರೆದ ಚಿತ್ರವಿತ್ತು, ಅವರ ಹೆಸರಿರಲಿಲ್ಲ. ಇರುವಂತೆಯೂ ಇರಲಿಲ್ಲ — ಒಬ್ಬನೇ ಹೋಗಿದ್ದೆನಲ್ಲ.

ಬಿಡುಗಡೆಯಾದ ಮೇಲೆ ಅವರು ಬೀದರಿನ ನನ್ನ ಮನೆಗೆ ಬಂದರು. ಸೊರಗಿದ್ದರು. ನೌಕರಿ ಹೋಗಿತ್ತು. ಹೊಸ್ತಿಲು ದಾಟದೆ ನಿಂತೇ ಹೇಳಿದರು: ‘ಕೋರ್ಟು ಕಚೇರಿ ಏನೂ ಬ್ಯಾಡ್ರಿ. ಊರಾಗ ನಮ್ಮವ್ವಗ ಖೂನಿ ಮಾಡಿದವನ ತಾಯಿ ಅಂತಾರ. ಒಮ್ಮೆ ಬಂದು, ಇವ ನನ್ ಸಂಗಟ ಇದ್ದ ಅಂತ ಜನರ ಮುಂದ ಹೇಳ್ರಿ, ಸಾಕು.’

‘ನಾಳಿಗೇ ಬರ್ತೇನಿ,’ ಎಂದೆ. ಹೋಗಲಿಲ್ಲ. ನಿಮ್ಮ ಅಜ್ಜಿ ‘ಖೂನಿ ಮಾಡಿದವನ ತಾಯಿ’ ಎಂಬ ಮಾತು ಕೇಳಿಸಿಕೊಳ್ಳುತ್ತಲೇ ತೀರಿಕೊಂಡರು.

ಹೋದ ತಿಂಗಳು ನೀವು ಬಂದಿರಿ, ಅಬ್ಬಾ ಹೋದರೆಂದು ತಿಳಿಸಲು. ‘ನಿಮ್ಮ ಹೆಸರು ಭಾಳ ತಗೋತಿದ್ರು ರೀ. ಅಂಥಾ ದೋಸ್ತ ಸಿಗೂದಿಲ್ಲ ಅಂತಿದ್ರು,’ ಎಂದಿರಿ. ಅವರು ನಿಮಗೇನೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ — ನಿಮ್ಮ ಮುಂದೆ ಕಣ್ಣೊರೆಸಿಕೊಂಡೆ. ನನ್ನನ್ನೇ ಸಮಾಧಾನ ಮಾಡಿ ಹೋದಿರಿ ನೀವು.

ಎಕಂಬಾಕ್ಕೆ ಹೋಗುತ್ತೇನೆ. ನಿಮ್ಮ ಅಜ್ಜಿಯನ್ನು ಕಂಡವರು ಯಾರುಳಿದಿದ್ದಾರೋ, ಅವರ ಮುಂದೆ ಹೇಳುತ್ತೇನೆ. ನೀವು ಬರಬೇಕೆಂದಿಲ್ಲ. ಕ್ಷಮೆಯನ್ನೂ ಕೇಳುವುದಿಲ್ಲ — ಕೇಳಿದರೆ ಅದನ್ನು ಕೊಡುವ ಭಾರವೂ ನಿಮ್ಮದೇ ಆಗುತ್ತದೆ.

ಮೊದಲು ಮಾವನ ಕಿರಿಮಗನಿಗೆ ಹೇಳಬೇಕೆನಿಸಿ ನಿನ್ನೆ ಅವನ ಮನೆಗೆ ಹೋಗಿದ್ದೆ. ಅವನಿಗೂ ಈಗ ಕೂದಲು ಹಣ್ಣಾಗಿದೆ. ಎಲ್ಲ ಕೇಳಿದ. ಬೈಯಲಿಲ್ಲ. ಒಂದೇ ಮಾತು ಕೇಳಿದ:

‘ಮತ್ತ ನಮ್ಮಣ್ಣಗ ಹೊಡದವ ಯಾರು?’

ಅದನ್ನು ಹುಡುಕುವ ಕಾಲವೊಂದಿತ್ತು. ಸಾಲೆ ಮಾಸ್ತರ ಸಿಕ್ಕನೆಂದು ಎಲ್ಲರೂ ಹುಡುಕುವುದನ್ನು ಬಿಟ್ಟರು. ಆ ಹುಡುಕಾಟ ಬಿಡಿಸಿದವನು ನಾನು.