ಟಚ್ ಅಂಡ್ ಗೋ ಅಂದರೇನು

ಧರ್ಮಪುರದ ಹತ್ತಿರ ನಮ್ಮ ಶೇಂಗಾ ಹೊಲದಲ್ಲಿ ಅಪ್ಪನಿಗೆ ಹಾವು ಕಚ್ಚಿದ ಬೆಳಿಗ್ಗೆ, ಮೊದಲು ಮಂತ್ರ ಹಾಕುವವರ ಹತ್ತಿರ ಹೋಗೋಣ ಎಂದವರು ಚಿಕ್ಕಪ್ಪ. ಮಂತ್ರಕ್ಕೆ ವಾಸಿಯಾಗುವುದು ವಿಷವಿಲ್ಲದ ಹಾವಿನ ಕಡಿತ ಮಾತ್ರ ಎಂದು ಕೂಗಾಡಿದವನು ನಾನು. ಕಾರು ನಾನು ಹೇಳಿದ ದಾರಿಯಲ್ಲೇ ಹೋಯಿತು: ಹಿರಿಯೂರು, ಅಲ್ಲಿ ಮೊದಲ ಇಂಜೆಕ್ಷನ್, ಆಮೇಲೆ ಚಿತ್ರದುರ್ಗ. ತಲುಪುವಷ್ಟರಲ್ಲಿ ಅಪ್ಪನಿಗೆ ರೆಪ್ಪೆ ಎತ್ತಲು ಆಗುತ್ತಿರಲಿಲ್ಲ. ಉಸಿರಾಟಕ್ಕೆ ಮಿಷಿನ್ ಹಾಕಿದರು.

ಮಧ್ಯಾಹ್ನ ಐಸಿಯು ಬಾಗಿಲಿಗೆ ಬಂದ ಡಾಕ್ಟರನ್ನು, ಅಪ್ಪ ಹೇಗಿದ್ದಾರೆ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅವರೂ ಇಂಗ್ಲಿಷಿನಲ್ಲೇ, "ಟಚ್ ಅಂಡ್ ಗೋ" ಎಂದು ಹೇಳಿ ಒಳಗೆ ಹೋದರು.

ಆ ಮಾತು ನನಗೆ ಹೊಸದಲ್ಲ. ಚರ್ಚಾ ಸ್ಪರ್ಧೆಯೊಂದರಲ್ಲಿ ಒಂದೇ ಅಂಕದಿಂದ ಗೆದ್ದಾಗ ಗೆಳೆಯರ ಮುಂದೆ, "ಟಚ್ ಅಂಡ್ ಗೋ ಆಗಿತ್ತು ಕಣ್ರೋ" ಎಂದು ಮೆರೆದಿದ್ದೆ. ಆಚೆಗೋ ಈಚೆಗೋ ಹೇಳಲಾಗದ ಸ್ಥಿತಿ ಎಂದು ಅರ್ಥ. ಅಂದು ಆಚೆಗೆ ಬಿದ್ದಿದ್ದರೆ ಒಂದು ಕಪ್ ಹೋಗುತ್ತಿತ್ತು, ಅಷ್ಟೇ.

ಪಕ್ಕದಲ್ಲೇ ನಿಂತಿದ್ದ ಅಮ್ಮನ ಕಿವಿಗೆ ಬಿದ್ದದ್ದು ಎರಡೇ ಶಬ್ದ. ಟಚ್ ಎಂದರೆ ಮುಟ್ಟುವುದು, ಫೋನಿನ ದೆಸೆಯಿಂದ ಗೊತ್ತು. ಗೋ ಯಾರಿಗೆ ಗೊತ್ತಿಲ್ಲ?

"ಮುಟ್ಟಿ ಹೋಗ್ರಿ ಅಂದ್ರಾ? ಕೊನೇದಾಗಿ ಒಂದ್ಸಲ ಮುಟ್ಟಿ, ಹೊಂಟೋಗ್ರಿ ಅಂತಾನಾ?" ಎನ್ನುತ್ತಲೇ ಗೋಡೆ ಹಿಡಿದು ಕುಸಿದಳು.

"ಹಂಗಲ್ಲಮ್ಮ! ಅಪ್ಪ ಬದುಕ್ತಾನೆ ಅಂತ... ಬದುಕಬಹುದು ಅಂತ."

"ಬಹುದು ಅಂದ್ರೆ?"

"ಬಹುದು ಅಂದ್ರೆ ಬಹುದು."

"ಲೇ, ಸ್ಟೇಜ್ ಮ್ಯಾಲೆ ಎಲ್ಡೂ ಕಡೆ ವಾದ ಮಾಡ್ತೀಯಲ್ಲ, ಈಗ್ಯಾಕೆ ಒಂದೇ ಕಡೆ ಹೇಳ್ತೀಯ? ಇನ್ನರ್ಧ ಹೇಳು."

ಎದುರಿನ ಬೆಂಚಿನಿಂದ ಚಿಕ್ಕಪ್ಪ ನನ್ನನ್ನೇ ನೋಡುತ್ತಿದ್ದರು. ಒಂದು ಮಾತು ಅಂದಿದ್ದರೆ ಉತ್ತರ ಕೊಡುತ್ತಿದ್ದೆ. ನನ್ನ ಬಳಿ ಸಾಲೊಂದು ಸಿದ್ಧವಿತ್ತು: ಫಲ ಕೆಟ್ಟರೂ ನಿರ್ಧಾರ ಸರಿಯಾಗಿಯೇ ಇರಬಹುದು. ತರ್ಕದಲ್ಲಿ ಇದಕ್ಕೆ ಎದುರುತ್ತರವಿಲ್ಲ, ಇಂದಿಗೂ ಹಾಗೇ ಹೇಳುತ್ತೇನೆ. ಆದರೆ ಸಂಜೆಯೊಳಗೆ ಅಪ್ಪ ಹೋಗಿಬಿಟ್ಟರೆ, ಆ ಸಾಲನ್ನು ಅಮ್ಮನ ಮುಖ ನೋಡಿ ಹೇಳಬೇಕಾದವನು ನಾನು.

"ಉಳೀದೇ ಹೋಗಬಹುದಮ್ಮ."

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂಗಾದ್ರೆ ಇನ್ನೂ ಜೀವ ಐತೆ," ಎಂದು ಬಾಗಿಲಿಗೆ ಎದುರಾಗಿ ನೆಟ್ಟಗೆ ಕುಳಿತಳು. ನನ್ನ ಹೆದರಿಕೆಯೆಲ್ಲ ಯಾವ ಅರ್ಧದಲ್ಲಿತ್ತೋ, ಅದನ್ನು ಕೇಳಿಯೂ ಅವಳು ಇನ್ನೊಂದನ್ನೇ ಹಿಡಿದುಕೊಂಡಿದ್ದಳು.

ಮೂರನೇ ದಿನ ನರ್ಸ್ ಹೊರಗೆ ಬಂದು, "ಮಿಷಿನ್ ತೆಗ್ದೀವಿ, ತಾವೇ ಉಸಿರಾಡ್ತಾವ್ರೆ. ಒಬ್ರು ಬರ್ರಿ," ಎಂದಳು. ಅಮ್ಮ ಚಪ್ಪಲಿ ಬಿಟ್ಟು ಓಡಿದಳು. ನಾನೂ ಎದ್ದೆ. ಅಷ್ಟು ಹೊತ್ತು ಗಟ್ಟಿಯಾಗಿದ್ದ ಕಾಲು ಆಗ ನಡುಗಲು ಶುರುವಾಯಿತು, ನಿಲ್ಲಲೇ ಇಲ್ಲ.

"ಕುಂತ್ಕಳಪ್ಪ, ಬಿದ್ದೀಯ," ಎಂದು ಚಿಕ್ಕಪ್ಪ ನನ್ನ ತೋಳು ಹಿಡಿದುಕೊಂಡರು.