ಭಾನುವಾರದ ಚೌಕ

ಹಾರ್ಟ್ವಿಗ್ ಬ್ರೋಮೆಲ್ ಎಂಬ ಪುಣ್ಯಾತ್ಮನಿಗೆ ಸುಮ್ಮನೆ ಕೂರುವ ವಿದ್ಯೆಯೊಂದನ್ನು ಬಿಟ್ಟು ಬೇರೆಲ್ಲ ಬರುತ್ತಿತ್ತು. ಮಿಂಡೆನ್ ಊರಿನಲ್ಲಿ ಲಿಫ್ಟು ರಿಪೇರಿ ಮಾಡಿಕೊಂಡೇ ತಲೆ ನರೆಸಿಕೊಂಡವನು. ಕೈಯಲ್ಲಿ ಸ್ಕ್ರೂಡ್ರೈವರ್ ಇಲ್ಲದಿದ್ದರೆ ರಿಮೋಟು, ರಿಮೋಟು ಇಲ್ಲದಿದ್ದರೆ ಕೀಬೋರ್ಡು. ಹೆಂಡತಿ ರೋಸ್ವಿತಾ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳದು ಮಾತು ಕಡಿಮೆ, ಒಮ್ಮೆ ಆಡಿದ್ದನ್ನು ಇನ್ನೊಮ್ಮೆ ಆಡುವ ಪೈಕಿಯಲ್ಲ. ಮಕ್ಕಳಿರಲಿಲ್ಲ. ಇಬ್ಬರಿಗೂ ಸೇರಿ ಇದ್ದದ್ದು ಒಂದು ಹಸಿರು ಸೋಫಾ, ಒಂದು ಭಾನುವಾರದ ಸಂಜೆ.

ಭಾನುವಾರ ಸಂಜೆ ಎಂಟೂಕಾಲಿಗೆ ಇಲ್ಲಿ ಟೀವಿಯ ಪತ್ತೇದಾರಿ ಧಾರಾವಾಹಿಯಲ್ಲಿ ಒಂದು ಕೊಲೆಯಾಗುತ್ತದೆ. ವಾರ ತಪ್ಪುವುದಿಲ್ಲ. ದೇಶಕ್ಕೆ ದೇಶವೇ ಬ್ರೆಡ್ಡು, ಚೀಸು, ಉಪ್ಪಿನಲ್ಲಿಟ್ಟ ಸೌತೆಕಾಯಿ ತಿಂದು ಮುಗಿಸಿ, ಫೋನು ದೂರವಿಟ್ಟು ಕೂರುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಬಾಗಿಲ ಗಂಟೆ ಒತ್ತಿದರೆ ಅವರಿಗೆ ಬುದ್ಧಿ ಹೇಳುವ ಹಿರಿಯರಿರಲಿಲ್ಲ ಎಂದೇ ಲೆಕ್ಕ. ಮದುವೆಯಾದಾಗಿನಿಂದ ಗಂಡ ಹೆಂಡತಿ ಆ ಕೊಲೆಯನ್ನು ಒಟ್ಟಿಗೇ ನೋಡಿದವರು. ಕೊಲೆಗಾರ ಯಾರೆಂದು ರೋಸ್ವಿತಾ ಮೊದಲೇ ಹೇಳಿಬಿಡುತ್ತಿದ್ದಳು, ಹಾರ್ಟ್ವಿಗ್ ಅಲ್ಲವೇ ಅಲ್ಲ ಎಂದು ವಾದಿಸಿ ಸೋಲುತ್ತಿದ್ದ.

ಆಮೇಲೆ ಮನೆಗೆ ಟೀವಿಗೆ ಜೋಡಿಸುವ ಒಂದು ಪುಟ್ಟ ಕಂಪ್ಯೂಟರ್ ಪೆಟ್ಟಿಗೆ ಬಂತು. ಅದರೊಳಗೆ ಸಿನಿಮಾ, ಹಾಡು, ಫೋಟೋ, ಟೀವಿ ಎಲ್ಲವನ್ನೂ ಒಂದೇ ಪರದೆಗೆ ತಂದು ಕೂರಿಸುವ ಪುಕ್ಕಟೆ ಸಾಫ್ಟ್‌ವೇರು. ಅದರ ಮುಖವನ್ನು ನಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಮೆನು ಎಲ್ಲಿರಬೇಕು, ಅಕ್ಷರ ಎಷ್ಟು ದಪ್ಪ, ಹಿನ್ನೆಲೆಗೆ ಯಾವ ಚಿತ್ರ, ಎಲ್ಲಿ ಒತ್ತಿದರೆ ಏನು ತೆರೆಯಬೇಕು, ಎಲ್ಲವೂ ನಮ್ಮಿಷ್ಟ. ಹಾರ್ಟ್ವಿಗ್‌ನಂಥವನಿಗೆ ನಿಮ್ಮಿಷ್ಟ ಎಂದು ಹೇಳಬಾರದಿತ್ತು. ವಾರಕ್ಕೊಂದು ಮುಖ ಶುರುವಾಯಿತು. ಕೆಳಗೆ ಎರಡು ಸಲ, ಬಲಕ್ಕೆ ಒಂದು ಸಲ ಎಂದು ರೋಸ್ವಿತಾ ಕಷ್ಟಪಟ್ಟು ಕಲಿತರೆ, ಮುಂದಿನ ವಾರ ಮೆನು ಎಡಕ್ಕೆ ಹೋಗಿರುತ್ತಿತ್ತು. ಕೇಳಿದರೆ, ಈಗ ಮೊದಲಿಗಿಂತ ಸುಲಭ ಅನ್ನುತ್ತಿದ್ದ. ಒಂದು ಭಾನುವಾರವಂತೂ ಟೀವಿಯಲ್ಲಿ ಕೊಲೆಯಾಗಿ ಹೆಣ ಮಣ್ಣಾಗುವ ಹೊತ್ತಿಗೂ ಇವರ ಪರದೆಯಲ್ಲಿ ಹವಾಮಾನವೇ ಕೂತಿತ್ತು. ರೋಸ್ವಿತಾ ಜಗಳವಾಡಲಿಲ್ಲ. ಒಂದು ಪುಟ್ಟ ಟೀವಿ ಕೊಂಡು ತಂದು ಮಹಡಿಯ ಇಸ್ತ್ರಿ ಕೋಣೆಯಲ್ಲಿಟ್ಟಳು, ಅಡುಗೆಮನೆಯ ಮರದ ಕುರ್ಚಿಯೊಂದನ್ನು ಎತ್ತಿಕೊಂಡು ಹೋದಳು. ಹಾಗೆ ಹೋಗಿ ನಾಲ್ಕು ವರ್ಷ.

ಕೆಳಗೆ ಅವನು, ಮೇಲೆ ಅವಳು, ನೋಡುತ್ತಿದ್ದದ್ದು ಅದೇ ಕೊಲೆ. ಅವನ ಪೆಟ್ಟಿಗೆಗೆ ಚಿತ್ರ ಇಂಟರ್ನೆಟ್ಟಿನ ದಾರಿ ಹಿಡಿದು ಬರಬೇಕಾದ್ದರಿಂದ ಅರ್ಧ ನಿಮಿಷ ತಡ. ಮೇಲಿಂದ ಗುಂಡಿನ ಸದ್ದು ಕೇಳುತ್ತಿತ್ತು, ಅವಳು ಅಯ್ಯೋ ಅನ್ನುವುದು ಕೇಳುತ್ತಿತ್ತು. ಕೆಳಗೆ ಅದೇ ಮನುಷ್ಯ ಇನ್ನೂ ಆರಾಮವಾಗಿ ಕಾರಿನ ಕೀಲಿ ಹುಡುಕುತ್ತಿರುತ್ತಿದ್ದ. ಅವಳು ಗಾಬರಿಪಟ್ಟು ಮುಗಿಸಿದ್ದಕ್ಕೆ ತಾನು ಒಬ್ಬನೇ ಕಾಯುತ್ತ ಕೂರುವುದು ಹಾರ್ಟ್ವಿಗ್‌ಗೆ ಸಂಕಟವೆನಿಸುತ್ತಿತ್ತು. ಅವಳು ಕೆಳಗಿಳಿದು ಬಂದು ಪಕ್ಕದಲ್ಲಿ ಕೂತರೆ ಸಾಕು, ಬೇರೇನೂ ಬೇಡವಾಗಿತ್ತು ಅವನಿಗೆ. ಬಾ ಎಂದು ಕರೆಯುವುದು ಮಾತ್ರ ಹೊಳೆಯಲಿಲ್ಲ. ಪರದೆ ಇನ್ನಷ್ಟು ಚೆನ್ನಾದರೆ ಬಂದೇ ಬರುತ್ತಾಳೆ ಎಂದು ತಿದ್ದುತ್ತಲೇ ಹೋದ.

ಈ ಹುಚ್ಚು ಹಿಡಿದವರದೇ ಒಂದು ಬಳಗ ಇಂಟರ್ನೆಟ್ಟಿನಲ್ಲಿದೆ. ಹೆಚ್ಚಿನವರು ಗಂಡಸರು. ಯಾರು ಎಂಥ ಮುಖ ಕಟ್ಟಿ ತೋರಿಸಿದರೂ ಅವರು ಕೇಳುವ ಪ್ರಶ್ನೆ ಒಂದೇ: ಹೆಂಡತಿ ಇದನ್ನು ಒಬ್ಬಳೇ ನಡೆಸುತ್ತಾಳೆಯೇ? ನಡೆಸಿದರೆ ಪಾಸು, ಇಲ್ಲದಿದ್ದರೆ ಫೇಲು. ಹಾರ್ಟ್ವಿಗ್ ಒಮ್ಮೆ ಅಲ್ಲಿ ಬರೆದುಬಿಟ್ಟಿದ್ದ, ನನ್ನಾಕೆ ಒಂದೇ ಕೈಯಲ್ಲಿ ನಡೆಸುತ್ತಾಳೆ, ಇನ್ನೊಂದು ಕೈಯಲ್ಲಿ ಕಾಫಿ ಇರುತ್ತದೆ ಎಂದು. ಹಸಿ ಸುಳ್ಳು. ಹಾಮೆಲ್ನ್ ಊರಿನ ಓಟ್ಮಾರ್ ಎಂಬವನು ಅದನ್ನು ನಂಬಿ ಕೂತ. ಅವನ ಹೆಂಡತಿ ಹೈಡ್ರುನ್ ರಿಮೋಟು ಮುಟ್ಟುವುದನ್ನೇ ಬಿಟ್ಟಿದ್ದಳಂತೆ. ಒಂದು ಭಾನುವಾರ ಕರೆದುಕೊಂಡು ಬರುತ್ತೇನೆ, ನಿಮ್ಮಾಕೆಯನ್ನು ನೋಡಿಯಾದರೂ ಕಲಿಯಲಿ ಎಂದು ಬರೆದ. ಬೇಡ ಅನ್ನಲು ಹಾರ್ಟ್ವಿಗ್‌ಗೆ ಬಾಯಿ ಬರಲಿಲ್ಲ.

ರೋಸ್ವಿತಾ ಬ್ರೆಡ್ಡು ಕೊಯ್ಯುತ್ತಿದ್ದಾಗ ಅಡುಗೆಮನೆಯಲ್ಲಿ ವಿಷಯ ತೆಗೆದ. ಸುಳ್ಳು ಬರೆದದ್ದನ್ನು ನುಂಗಿಕೊಂಡು, ಅತಿಥಿಗಳು ಬರುತ್ತಾರೆ, ಸ್ವಲ್ಪ ಕಲಿತುಕೊಂಡರೆ ಒಳ್ಳೆಯದು ಎಂದಷ್ಟೇ ಹೇಳಿದ. ಅವಳು ಚಾಕು ಕೆಳಗಿಟ್ಟು ಒಂದು ಗಳಿಗೆ ಅವನನ್ನೇ ನೋಡಿ, ಸರಿ, ತೋರಿಸು ಎಂದಳು.

ಅವಳಿಗೆಂದೇ ಹೊಸ ಪರದೆ ಕಟ್ಟಿದ. ಹಾಡು, ಫೋಟೋ, ಹವಾಮಾನ ಎಲ್ಲ ಕಿತ್ತುಹಾಕಿದ. ನಟ್ಟನಡುವೆ ಒಂದೇ ಒಂದು ಹಳದಿ ಚೌಕ, ಅದರ ಮೇಲೆ ದಪ್ಪಕ್ಷರದಲ್ಲಿ ‘ಭಾನುವಾರ’. ಕೆಳಗೆ ಒಂದು ಸಲ ಒತ್ತಿ ಓಕೆ ಅಂದರೆ ಮುಗಿಯಿತು, ಕೊಲೆ ಶುರು. ರೋಸ್ವಿತಾ ಸೋಫಾದ ತನ್ನ ಹಳೇ ಮೂಲೆಯಲ್ಲಿ ಕಾಲು ಮಡಿಸಿ ಕೂತು ಒತ್ತಿದಳು. ಮಾರನೆಯ ಸಂಜೆಯೂ ಬಂದಳು, ಇನ್ನೊಂದು ಸಲ ಹೇಳಿಕೊಡು ಎಂದಳು. ಹೀಗೇ ಎರಡು ವಾರ ಕಳೆಯಿತು. ನಡುವಿನ ಭಾನುವಾರ ಕೊಲೆಯನ್ನೂ ಒಟ್ಟಿಗೇ ನೋಡಿದರು, ಕೊಲೆಗಾರನನ್ನು ಅವಳೇ ಮೊದಲು ಹಿಡಿದಳು. ಹಾರ್ಟ್ವಿಗ್‌ಗೆ ಹಾಲು ಕುಡಿದಷ್ಟು ಸಂತೋಷ. ಅಂತೂ ಇಷ್ಟು ವರ್ಷಕ್ಕೆ ವಿನ್ಯಾಸ ಸರಿಹೋಯಿತು ಎಂದುಕೊಂಡ.

ಅತಿಥಿಗಳು ಬರುವ ಹಿಂದಿನ ದಿನ ಮಧ್ಯಾಹ್ನ ರೋಸ್ವಿತಾ ಅಂಗಡಿಯಲ್ಲಿದ್ದಳು. ಹಾರ್ಟ್ವಿಗ್ ಒಬ್ಬನೇ ಕೂತು ಪರದೆ ನೋಡಿದ. ನಡುವೆ ಕೂತ ಆ ಚೌಕ ಒರಟಾಗಿ ಕಂಡಿತು. ಬರುವವನು ಓಟ್ಮಾರ್, ತಿಳಿದವನು, ಮಕ್ಕಳ ಆಟಿಕೆ ಅಂದುಕೊಂಡರೆ? ಕೈ ಕಡಿಯತೊಡಗಿತು. ಚೌಕವನ್ನು ತುಸು ಎಡಕ್ಕೆ ಸರಿಸಿದ. ಬಲಗಡೆ ಖಾಲಿಯೆನಿಸಿತು, ಒಂದು ಗಡಿಯಾರ ಇಟ್ಟ, ಅದರ ಕೆಳಗೆ ಸಿನಿಮಾ ಚಿತ್ರಗಳ ಒಂದು ಸಾಲು. ಚೆಂದ ಕಂಡಿತು. ಅಷ್ಟು ದೊಡ್ಡ ಹಳದಿ ಚೌಕ ಯಾರ ಕಣ್ಣಿಗೆ ತಾನೇ ಬೀಳುವುದಿಲ್ಲ ಎಂದುಕೊಂಡು ಅವಳಿಗೆ ಹೇಳಲಿಲ್ಲ.

ಭಾನುವಾರ ಓಟ್ಮಾರ್ ಹೂಗುಚ್ಛ ಹಿಡಿದು ಬಂದ, ಹೈಡ್ರುನ್ ಬಲವಂತಕ್ಕೆ ಬಂದವಳ ಮುಖ ಹೊತ್ತು ಬಂದಳು. ರೋಸ್ವಿತಾ ಪ್ಲಮ್ ಹಣ್ಣಿನ ಕೇಕು ಮಾಡಿದ್ದಳು. ಓಟ್ಮಾರ್ ಎರಡನೇ ತುಂಡು ಬಾಯಿಗಿಡುತ್ತ, ಒಂದು ಕೈಯಲ್ಲಿ ರಿಮೋಟು, ಇನ್ನೊಂದರಲ್ಲಿ ಕಾಫಿಯಂತೆ ನಿಮ್ಮದು, ನಮ್ಮ ಬಳಗದಲ್ಲೆಲ್ಲ ನಿಮ್ಮದೇ ಮಾತು ಎಂದ. ಹಾರ್ಟ್ವಿಗ್ ತನ್ನ ತಟ್ಟೆಯ ಮೇಲೆ ಬಗ್ಗಿದ. ರೋಸ್ವಿತಾ ಗಂಡನ ಕಡೆ ಒಮ್ಮೆ ನೋಡಿದಳು. ಎಂಟೂಕಾಲಾಗುತ್ತಿದ್ದಂತೆ ಕಾಫಿ ಕಪ್ಪನ್ನು ಎಡಗೈಗೆ ತೆಗೆದುಕೊಂಡಳು, ಬಲಗೈಗೆ ರಿಮೋಟು. ಗಂಡನ ಮಾನ ಉಳಿಸಲೆಂದೇ ಪರದೆಯ ಕಡೆ ತಿರುಗದೆ, ಹೈಡ್ರುನ್ ಜೊತೆ ಕೇಕಿನ ಮಾತಾಡುತ್ತಲೇ ಕೆಳಗೆ ಒಂದು ಸಲ ಒತ್ತಿ ಓಕೆ ಒತ್ತಿದಳು.

ಹಳೇ ಕೌಬಾಯ್ ಸಿನಿಮಾವೊಂದು ಶುರುವಾಯಿತು. ಇನ್ನೊಮ್ಮೆ ಒತ್ತಿದಳು, ಸಣ್ಣಕ್ಷರ ತುಂಬಿದ ಯಾವುದೋ ಪುಟ ತೆರೆಯಿತು. ಓಟ್ಮಾರ್ ನಯವಾಗಿ ಕೆಮ್ಮಿದ. ಹಾರ್ಟ್ವಿಗ್ ಕೈಚಾಚಿ, ಚೌಕ ಈಗ ಎಡಗಡೆ ಇದೆ, ಸ್ವಲ್ಪವೇ ಸ್ವಲ್ಪ ಎಂದು ತೊದಲಿದ.

“ಮತ್ತೆ ಸರಿಸಿದ್ಯಾ?” ಎಂದಳು ರೋಸ್ವಿತಾ, ಮೆಲ್ಲಗೆ. ರಿಮೋಟನ್ನು ಮೇಜಿನ ಮೇಲಿಟ್ಟು ಹೈಡ್ರುನ್ ಕಡೆ ತಿರುಗಿದಳು. “ಮೇಲೆ ಇನ್ನೊಂದು ಟೀವಿ ಇದೆ. ಅದು ಇಟ್ಟಲ್ಲೇ ಇರುತ್ತೆ. ಬರ್ತೀರಾ?”

ಹೈಡ್ರುನ್ ಕೇಕಿನ ತಟ್ಟೆ ಹಿಡಿದೇ ಎದ್ದಳು, ಹೋಗುವಾಗ ಅಡುಗೆಮನೆಯಿಂದ ಒಂದು ಕುರ್ಚಿಯನ್ನೂ ಎತ್ತಿಕೊಂಡಳು. ಕೆಳಗೆ ಇಬ್ಬರು ಗಂಡಸರು ಉಳಿದರು. ಓಟ್ಮಾರ್ ಆ ಗಡಿಯಾರಕ್ಕೆ ಯಾವ ಶೈಲಿಯ ಅಕ್ಷರ ಹಾಕಿದ್ದೀರಿ ಎಂದು ಕೇಳಿದ. ಹಾರ್ಟ್ವಿಗ್ ಹೇಳಿದ.

ಅತಿಥಿಗಳು ಹೋದ ಮೇಲೆ ಅವನು ಮೆಟ್ಟಿಲು ಹತ್ತಿ ಇಸ್ತ್ರಿ ಕೋಣೆಯ ಬಾಗಿಲಲ್ಲಿ ನಿಂತ. ರೋಸ್ವಿತಾ ತಟ್ಟೆಗಳನ್ನು ಒಂದರ ಮೇಲೊಂದಿಡುತ್ತಿದ್ದಳು. ಚೌಕವನ್ನು ನಡುವೆಯೇ ಇಡುತ್ತೇನೆ, ಇನ್ನು ಮುಟ್ಟಿದರೆ ಕೇಳು ಎಂದ.

“ಅದು ನಂಗೆ ಮೊದಲ ದಿನಾನೇ ಬಂದಿತ್ತು, ಹಾರ್ಟ್ವಿಗ್. ಒಂದು ಗುಂಡಿ ಒತ್ತೋದು ಕಲಿಯೋಕೆ ಎರಡು ವಾರ ಬೇಕಾ?”

“ಮತ್ತೆ ಯಾಕೆ ದಿನಾ ಬಂದು ಕೂತ್ಕೋತಿದ್ದೆ?”

“ನೀನು ಕರೆದಿದ್ದೆಯಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಕರೆದೆ. ಅದು ನೀನು ಬರೆದಿದ್ದ ಸುಳ್ಳನ್ನ ನಿಜ ಮಾಡಿ ತೋರಿಸೋಕೆ ಅಂತ ಇವತ್ತು ಗೊತ್ತಾಯ್ತು.”

ಹಾರ್ಟ್ವಿಗ್ ಒಂದು ಹೆಜ್ಜೆ ಒಳಗಿಟ್ಟ. “ಈಗ ಕರೀತಿದೀನಿ. ಬಾ ಕೆಳಗೆ.”

“ಈಗ ನಂಗೆ ಇಲ್ಲೇ ರೂಢಿಯಾಗೋಗಿದೆ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವಳ ಕುರ್ಚಿಯ ಪಕ್ಕದಲ್ಲಿ ಎರಡನೆಯದು ಹಾಗೇ ಇತ್ತು. “ಹಾಗಾದ್ರೆ ಮುಂದಿನ ಭಾನುವಾರ ನಾನೇ ಇಲ್ಲಿಗೆ ಬರ್ಲಾ?” ಎಂದು ಕೇಳಿದ.

ರೋಸ್ವಿತಾ ನಿಜಕ್ಕೂ ಯೋಚಿಸಿದಳು. ಗೋಡೆಯಿಂದ ಇಸ್ತ್ರಿ ಮೇಜಿನವರೆಗಿನ ಜಾಗವನ್ನು ಒಮ್ಮೆ ಕಣ್ಣಳತೆ ಮಾಡಿದಳು, ಮೂರನೇ ಕುರ್ಚಿ ಹಿಡಿಯುವುದಿಲ್ಲವೆಂದು ಅವನಿಗೂ ಕಂಡಿತು.

“ಆ ಕುರ್ಚಿ ಹೈಡ್ರುನ್‌ಗೆ ಅಂತ ಇಟ್ಟಿದೀನಿ,” ಎಂದಳು. “ಇನ್ಮೇಲೆ ಭಾನುವಾರ ಭಾನುವಾರ ರೈಲಿಗೆ ಬರ್ತಾಳಂತೆ.”